ಹಡಗು ಹಂಚಿಕೊಳ್ಳಬಹುದು, ದರ ಹಂಚಿಕೊಳ್ಳುವಂತಿಲ್ಲ

ಮೆರ್ಸ್ಕ್ ಕಂಪನಿಯ ತಿಳಿನೀಲಿ ಹಡಗೊಂದು ಇವತ್ತು ರಾಟರ್‌ಡ್ಯಾಮ್ ಬಂದರಿಗೆ ಬಂದು ನಿಂತರೆ, ಅದರ ಮೇಲೆ ಪೇರಿಸಿದ ಕಂಟೇನರುಗಳಲ್ಲಿ ಹಪಾಗ್-ಲಾಯ್ಡ್‌ನ ಕಿತ್ತಳೆ ಬಣ್ಣದವೂ ಕಾಣಿಸುತ್ತವೆ. ಹಡಗು ಡೆನ್ಮಾರ್ಕಿನದು, ಸರಕು ಅದರ ಜರ್ಮನ್ ಎದುರಾಳಿಯದು. ಹಪಾಗ್-ಲಾಯ್ಡ್‌ನ ಹಡಗು ಬಂದಾಗ ಮೆರ್ಸ್ಕ್‌ನ ಪೆಟ್ಟಿಗೆಗಳು ಅದರಲ್ಲಿರುತ್ತವೆ. ಗಿರಾಕಿಯ ಎದುರು ಪೈಪೋಟಿಗೆ ನಿಲ್ಲುವ ಈ ಎರಡು ಕಂಪನಿಗಳು 2025ರ ಫೆಬ್ರವರಿ 1ರಿಂದ ‘ಜೆಮಿನಿ’ ಎಂಬ ಹೆಸರಿನಲ್ಲಿ ಮುನ್ನೂರಕ್ಕೂ ಹೆಚ್ಚು ಹಡಗುಗಳನ್ನು ಕೂಡಿ ಓಡಿಸುತ್ತಿವೆ.

ಎದುರಾಳಿಗಳು ಹೀಗೆ ಒಂದಾಗುವುದನ್ನು ಬಿಡಬೇಕೇ, ತಡೆಯಬೇಕೇ? ಬಿಟ್ಟರೆ ಎಲ್ಲಿಯವರೆಗೆ? ಇದನ್ನೇ ದಿನನಿತ್ಯದ ಕೆಲಸವಾಗಿ ಮಾಡುವ ಸಣ್ಣದೊಂದು ಕಚೇರಿ ವಾಷಿಂಗ್ಟನ್‌ನಲ್ಲಿದೆ. ಅದರ ಹೆಸರು ಫೆಡರಲ್ ಮ್ಯಾರಿಟೈಮ್ ಕಮಿಷನ್. 1961ರಲ್ಲಿ ಸ್ಥಾಪನೆಯಾದ ಈ ಆಯೋಗದಲ್ಲಿ ಐದು ಆಯುಕ್ತ ಸ್ಥಾನಗಳಿವೆ. ಒಂದೇ ಪಕ್ಷಕ್ಕೆ ಸೇರಿದವರು ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಅವರ ಕೆಳಗೆ ಅರ್ಥಶಾಸ್ತ್ರಜ್ಞರು, ವಕೀಲರು, ಹಡಗು ಮಾರ್ಗಗಳನ್ನು ಬಲ್ಲ ವಿಶ್ಲೇಷಕರು. ಜಗತ್ತಿನ ದೈತ್ಯ ಕಂಪನಿಗಳ ಕಾಗದಪತ್ರ ಓದುವ ಈ ಕಸುಬನ್ನು ನಾನು ಬೆರಗಿನಿಂದ ನೋಡುತ್ತ ಬಂದಿದ್ದೇನೆ. ಹೊರಗಿನವರಿಗೆ ಅದು ಒಣ ಗುಮಾಸ್ತಿಕೆಯಂತೆ ಕಾಣಬಹುದು. ಒಳಹೊಕ್ಕರೆ ಅದರ ಸೂಕ್ಷ್ಮ ತಿಳಿಯುತ್ತದೆ.

ಮೊದಲು, ಹಡಗು ಕಂಪನಿಗಳು ಕೈಜೋಡಿಸುವುದೇಕೆ ಎಂಬುದನ್ನು ನೋಡಬೇಕು. ಚೀನಾದಿಂದ ಉತ್ತರ ಯುರೋಪಿಗೆ ಸೂಯೆಜ್ ಮೂಲಕ ಹೋಗಿ, ದಾರಿಯುದ್ದಕ್ಕೂ ಬಂದರುಗಳಲ್ಲಿ ಸರಕು ಇಳಿಸಿ ಏರಿಸಿ, ಮರಳಿ ಬರಲು ಒಂದು ಹಡಗಿಗೆ ಸುಮಾರು 84 ದಿನ ಬೇಕು. ಗಿರಾಕಿಗೆ ವಾರಕ್ಕೊಂದು ಹಡಗು ಬೇಕು. 84ನ್ನು 7ರಿಂದ ಭಾಗಿಸಿದರೆ 12. ಅಂದರೆ ಒಂದೇ ಒಂದು ಮಾರ್ಗದಲ್ಲಿ ವಾರಕ್ಕೊಂದು ಸೇವೆ ಕೊಡಲು ಒಂದೇ ಗಾತ್ರದ, ಒಂದೇ ವೇಗದ ಹನ್ನೆರಡು ಹಡಗುಗಳು ಬೇಕು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದ ಮೇಲೆ ಈ ಲೆಕ್ಕಕ್ಕೆ ಇನ್ನೂ ಕೆಲವು ಹಡಗುಗಳು ಸೇರಿದವು. ಇಪ್ಪತ್ತಡಿ ಉದ್ದದ ಇಪ್ಪತ್ತನಾಲ್ಕು ಸಾವಿರ ಪೆಟ್ಟಿಗೆಗಳನ್ನು ಹೊರುವ ಒಂದೊಂದು ಹಡಗಿನ ಬೆಲೆ ಇಪ್ಪತ್ತು ಕೋಟಿ ಡಾಲರಿನ ಮೇಲೆ. ಹಡಗು ದೊಡ್ಡದಾದಷ್ಟೂ ಪೆಟ್ಟಿಗೆಯೊಂದರ ಖರ್ಚು ಇಳಿಯುತ್ತದೆ, ಆದರೆ ಹಡಗು ತುಂಬಿದ್ದರೆ ಮಾತ್ರ. ವಾರವಾರವೂ ಅಷ್ಟನ್ನು ತುಂಬಿಸುವ ಗಿರಾಕಿಗಳು ಒಬ್ಬರ ಬಳಿಯೇ ಇರುವುದು ಬಹಳ ಅಪರೂಪ.

ಇಬ್ಬರು ಬಸ್ ಮಾಲೀಕರು ಉಡುಪಿ-ಮಂಗಳೂರು ದಾರಿಯಲ್ಲಿ ಅರ್ಧ ಖಾಲಿ ಬಸ್ಸುಗಳನ್ನು ಒಂದರ ಹಿಂದೊಂದು ಓಡಿಸುವ ಬದಲು, ನನ್ನ ಬಸ್ಸಿನಲ್ಲಿ ಅರ್ಧ ಸೀಟು ನಿನಗೆ, ನಿನ್ನ ಬಸ್ಸಿನಲ್ಲಿ ಅರ್ಧ ಸೀಟು ನನಗೆ, ಟಿಕೆಟ್ಟನ್ನು ಮಾತ್ರ ಅವರವರ ದರಕ್ಕೆ ಅವರವರೇ ಮಾರೋಣ ಎಂದು ಒಪ್ಪಿಕೊಂಡರೆ ಹೇಗಿರುತ್ತದೋ ಹಾಗೆ ಈ ಏರ್ಪಾಡು. ಹಡಗಿನ ಭಾಷೆಯಲ್ಲಿ ಸೀಟಿನ ಹೆಸರು ಸ್ಲಾಟ್. ಪ್ರಯಾಣಿಕನಿಗೆ ಲಾಭವೇ: ಅರ್ಧ ಗಂಟೆಗೊಂದು ಬದಲು ಕಾಲು ಗಂಟೆಗೊಂದು ಬಸ್ಸು ಸಿಗುತ್ತದೆ. ಆದರೆ ಆ ಇಬ್ಬರು ಮಾಲೀಕರು ಈಗ ಆಗಾಗ ಒಂದೇ ಮೇಜಿನ ಸುತ್ತ ಕೂರಲೇಬೇಕು. ಎಷ್ಟು ಬಸ್ಸು, ಯಾವ ಹೊತ್ತಿಗೆ, ಯಾವ ಟ್ರಿಪ್ ರದ್ದು ಎಂದು ಮಾತಾಡಲೇಬೇಕು. ಅಲ್ಲಿ ಟಿಕೆಟ್ ದರದ ಮಾತು ಬರುವುದಿಲ್ಲವೆಂದು ಹೇಗೆ ನಂಬುವುದು? ದರದ ಮಾತೇ ಎತ್ತದೆ ಬರೀ ಟ್ರಿಪ್ ಕಡಿಮೆ ಮಾಡಿದರೂ ದರ ತಾನೇ ಏರುವುದಿಲ್ಲವೇ? ಆಯೋಗದ ಕಸುಬೆಲ್ಲ ಈ ಎರಡು ಪ್ರಶ್ನೆಗಳ ಸುತ್ತ.

ಈ ಅಂಜಿಕೆ ಹಳೆಯದು, ಅದರ ಬೇರು ಇರುವುದು ನಮ್ಮ ದೇಶದ ದಾರಿಯಲ್ಲೇ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಉಗಿ ಹಡಗುಗಳು ಹೆಚ್ಚಾದವು. ಸರಕಿಗಿಂತ ಜಾಗವೇ ಜಾಸ್ತಿಯಾಗಿ ದರ ನೆಲಕಚ್ಚಿತು. 1875ರಲ್ಲಿ ಬ್ರಿಟನ್-ಕಲ್ಕತ್ತ ಮಾರ್ಗದ ಕಂಪನಿಗಳು ಕೂತು ಎಲ್ಲರೂ ಒಂದೇ ದರ ವಿಧಿಸುವುದೆಂದು ಒಪ್ಪಿಕೊಂಡವು. ಅದೇ ಕಲ್ಕತ್ತ ಕಾನ್ಫರೆನ್ಸ್, ಈ ಬಗೆಯ ಕೂಟಗಳಲ್ಲಿ ಮೊದಲನೆಯದು. ಎರಡು ವರ್ಷದ ಮೇಲೆ ಅದಕ್ಕೊಂದು ಚತುರ ಬೀಗವೂ ಬಿತ್ತು: ನಮ್ಮ ಹಡಗುಗಳಲ್ಲೇ ಸರಕು ಕಳಿಸಿದ ವರ್ತಕನಿಗೆ ದರದಲ್ಲಿ ಒಂದು ಪಾಲು ವಾಪಸ್, ಆದರೆ ಕೈಗೆ ಸಿಗುವುದು ತಿಂಗಳುಗಳ ನಂತರ, ಆವರೆಗೂ ಹೊರಗಿನ ಹಡಗಿನ ಕಡೆ ತಿರುಗಿ ನೋಡದಿದ್ದರೆ ಮಾತ್ರ. ವರ್ತಕನ ಹಣವೇ ವರ್ತಕನನ್ನು ಕಟ್ಟಿಹಾಕಿತು.

ಅಮೆರಿಕದ ಸಂಸತ್ತಿನ ಸಮಿತಿಯೊಂದು, ಜೋಶುವಾ ಅಲೆಕ್ಸಾಂಡರ್ ಅವರ ಅಧ್ಯಕ್ಷತೆಯಲ್ಲಿ, ಇಂಥ ಕೂಟಗಳನ್ನು ಕೂಲಂಕಷ ಪರಿಶೀಲಿಸಿ 1914ರಲ್ಲಿ ವರದಿ ಕೊಟ್ಟಿತು. ಕೂಟಗಳನ್ನು ನಿಷೇಧಿಸುವಂತೆ ಅದು ಹೇಳಲಿಲ್ಲ. ನಿಷೇಧಿಸಿದರೆ ದರಸಮರ ನಡೆದು ಸಣ್ಣವರು ಮುಳುಗಿ, ಉಳಿದ ಒಬ್ಬಿಬ್ಬರೇ ದೊರೆಗಳಾಗುತ್ತಾರೆ ಎಂಬುದು ಅದರ ಎಣಿಕೆ. ಕೂಟ ಇರಲಿ, ಆದರೆ ಅದರ ಒಪ್ಪಂದ ಸರ್ಕಾರದ ಮೇಜಿನ ಮೇಲೆ ಬರಲಿ ಎಂದಿತು. 1916ರ ಶಿಪ್ಪಿಂಗ್ ಕಾಯ್ದೆ ಅದನ್ನೇ ಮಾಡಿತು. ತಡಮಾಡಿ ಕೊಡುವ ಆ ರಿಯಾಯಿತಿಯನ್ನೂ, ಹೊರಗಿನವರನ್ನು ಬಡಿಯಲೆಂದೇ ಬಿಡುತ್ತಿದ್ದ ಕಾದಾಟದ ಹಡಗುಗಳನ್ನೂ ನಿಷೇಧಿಸಿತು. ನೂರು ವರ್ಷ ಕಳೆದರೂ ಈ ಕಸುಬಿನ ಅಡಿಪಾಯ ಅದೇ.

ಇವತ್ತು ನಡೆಯುವುದು 1984ರ ಶಿಪ್ಪಿಂಗ್ ಕಾಯ್ದೆಯ ಪ್ರಕಾರ. ಅಮೆರಿಕದ ಬಂದರುಗಳಿಗೆ ಬರುವ ಕಂಪನಿಗಳು ಒಪ್ಪಂದ ಮಾಡಿಕೊಂಡರೆ ಅದರ ಪೂರ್ತಿ ಪ್ರತಿಯನ್ನು ಆಯೋಗಕ್ಕೆ ಸಲ್ಲಿಸಬೇಕು. ಆ ಪ್ರತಿ ಸಾರ್ವಜನಿಕ. ಯಾರು ಬೇಕಾದರೂ ಓದಬಹುದು, ಅಭಿಪ್ರಾಯ ಬರೆಯಬಹುದು. ಸಲ್ಲಿಸಿ 45 ದಿನ ಕಳೆದರೆ ಒಪ್ಪಂದ ತಾನಾಗಿ ಜಾರಿಗೆ ಬರುತ್ತದೆ. ಆಯೋಗಕ್ಕೆ ಅನುಮಾನ ಬಂದರೆ ಹೆಚ್ಚಿನ ಮಾಹಿತಿ ಕೇಳಬಹುದು. ಆಗ ಗಡಿಯಾರ ನಿಂತು, ಉತ್ತರ ಬಂದ ಮೇಲೆ ಹೊಸದಾಗಿ 45 ದಿನ ಓಡುತ್ತದೆ. ತಡೆಯಲೇಬೇಕೆಂದರೆ ಆಯೋಗ ತಾನೇ ತಡೆಯುವಂತಿಲ್ಲ. ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ಸ್ಪರ್ಧೆ ತಗ್ಗುವುದರಿಂದ ಸೇವೆ ಅಸಮಂಜಸವಾಗಿ ಕುಗ್ಗುವ ಅಥವಾ ವೆಚ್ಚ ಅಸಮಂಜಸವಾಗಿ ಏರುವ ಸಂಭವವಿದೆ ಎಂದು ತಾನೇ ಸಾಬೀತು ಮಾಡಬೇಕು. ಈ ಭಾರ ಕಂಪನಿಗಳ ಮೇಲಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಇಷ್ಟು ಕಡಿಮೆ ಆಯುಧ ಇಟ್ಟುಕೊಂಡು ಇಷ್ಟು ಕೆಲಸ ಮಾಡಿಸಿಕೊಳ್ಳುವುದರಲ್ಲೇ ಇವರ ಕುಶಲತೆ ಕಾಣುವುದು.

ಅದಕ್ಕೂ ಮುಂಚೆ 1998ರ ಒಂದು ತಿದ್ದುಪಡಿಯ ಬಗ್ಗೆ ಹೇಳಲೇಬೇಕು. ಅಲ್ಲಿಯವರೆಗೆ ಕಂಪನಿ ಮತ್ತು ಗಿರಾಕಿಯ ನಡುವಿನ ಗುತ್ತಿಗೆಯ ಮುಖ್ಯ ಅಂಶಗಳೆಲ್ಲ ಬಹಿರಂಗವಾಗಿದ್ದವು. ಪಾರದರ್ಶಕತೆ ಒಳ್ಳೆಯದೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಇಲ್ಲಿ ಅದು ಕೂಟಕ್ಕೇ ಕಾವಲುಗಾರನಾಗಿತ್ತು: ಯಾರು ಕದ್ದು ದರ ಇಳಿಸಿದರೆಂದು ಉಳಿದವರಿಗೆ ಕೂಡಲೇ ತಿಳಿಯುತ್ತಿತ್ತು. ಹೊಸ ಕಾನೂನು ದರವನ್ನು ಗೋಪ್ಯವಾಗಿಸಿತು, ಸದಸ್ಯರು ತಮ್ಮ ತಮ್ಮ ಗುತ್ತಿಗೆ ಮಾಡಿಕೊಳ್ಳುವುದನ್ನು ಕೂಟ ತಡೆಯುವಂತಿಲ್ಲ ಎಂದಿತು. 1999ರ ಮೇ ತಿಂಗಳಲ್ಲಿ ಇದು ಜಾರಿಗೆ ಬಂತು. ಕೂಟಗಳನ್ನು ಯಾರೂ ಮುಚ್ಚಿಸಬೇಕಾಗಲಿಲ್ಲ; ಒಬ್ಬರನ್ನೊಬ್ಬರು ಕಾಯುವುದು ಅಸಾಧ್ಯವಾದಾಗ ದರ ಕಟ್ಟುವ ಹಳೆಯ ಕಾನ್ಫರೆನ್ಸುಗಳು ಅಮೆರಿಕದ ದಾರಿಗಳಲ್ಲಿ ಸೊರಗಿಹೋದವು. ಯುರೋಪ್ ಅದೇ ಗುರಿಯನ್ನು ನೇರ ದಾರಿಯಲ್ಲಿ ಮುಟ್ಟಿತು: 2008ರ ಅಕ್ಟೋಬರ್ 18ರಿಂದ ಕಾನ್ಫರೆನ್ಸುಗಳಿಗಿದ್ದ ವಿನಾಯಿತಿಯನ್ನೇ ತೆಗೆದುಹಾಕಿತು. ಎರಡರಲ್ಲಿ ನನಗೆ ಹೆಚ್ಚು ಮೆಚ್ಚುಗೆ ಅಮೆರಿಕದ ಉಪಾಯದ ಮೇಲೆ.

ಒಪ್ಪಂದ ಮೇಜಿನ ಮೇಲೆ ಬಂದಾಗ ವಕೀಲರು ಮೊದಲು ಹುಡುಕುವುದು ಕ್ರಿಯಾಪದಗಳನ್ನು. ‘ಚರ್ಚಿಸಬಹುದು’, ‘ಮಾಹಿತಿ ವಿನಿಮಯ ಮಾಡಿಕೊಳ್ಳಬಹುದು’, ‘ಒಪ್ಪಿಕೊಳ್ಳಬಹುದು’, ‘ಜಂಟಿಯಾಗಿ ಖರೀದಿಸಬಹುದು’: ಒಂದೊಂದೂ ಒಂದೊಂದು ಅಧಿಕಾರ. ಆಯೋಗಕ್ಕೆ ಸಲ್ಲಿಸಿದ ಒಪ್ಪಂದದ ಒಳಗೆ ನಡೆದದ್ದಕ್ಕೆ ಅಮೆರಿಕದ ಸಾಮಾನ್ಯ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸದ ಕಾರಣ, ಸಡಿಲವಾಗಿ ಬರೆದ ಒಂದು ವಾಕ್ಯವೂ ದೊಡ್ಡ ರಕ್ಷಾಕವಚ. ಆದ್ದರಿಂದ ‘ಮತ್ತು ಇತರ ಸಂಬಂಧಿತ ವಿಷಯಗಳು’ ಎಂಬಂಥ ನಿರುಪದ್ರವಿ ಮಾತಿನ ಮೇಲೆ ಇವರ ಪೆನ್ಸಿಲ್ ನಿಲ್ಲುತ್ತದೆ. ಯಾವ ವಿಷಯಗಳು? ಹೆಸರಿಸಿ ಎನ್ನುತ್ತಾರೆ.

ಹಡಗನ್ನು ಬಂದರಿನೊಳಗೆ ಎಳೆದು ತರುವ ಟಗ್ ದೋಣಿಗಳ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಮೈತ್ರಿಕೂಟವೊಂದು ಒಟ್ಟಾಗಿ ಕೂತು ಸ್ಥಳೀಯ ಟಗ್ ಮಾಲೀಕನ ಜೊತೆ ಚೌಕಾಸಿಗೆ ಇಳಿದರೆ ಅವನು ಒಪ್ಪದೆ ಏನು ಮಾಡಿಯಾನು? ಅಂದರೆ ಮೈತ್ರಿಯ ಬಲ ಗಿರಾಕಿಯ ಮೇಲಷ್ಟೇ ಅಲ್ಲ, ಸೇವೆ ಒದಗಿಸುವವನ ಮೇಲೂ ಬೀಳುತ್ತದೆ. 2016-17ರಲ್ಲಿ ಓಷನ್ ಅಲಯನ್ಸ್ ಮತ್ತು ದಿ ಅಲಯನ್ಸ್ ಎಂಬ ಮೈತ್ರಿಕೂಟಗಳ ಒಪ್ಪಂದಗಳು ಬಂದಾಗ ಈ ಜಂಟಿ ಖರೀದಿಯ ಪ್ರಶ್ನೆ ಎದ್ದಿತು. 2018ರ ಡಿಸೆಂಬರಿನಲ್ಲಿ ಸಂಸತ್ತು ಟಗ್‌ನಂಥ ಕೆಲವು ಸೇವೆಗಳ ವಿಷಯದಲ್ಲಿ ಜಂಟಿ ಚೌಕಾಸಿಗೆ ಕಾನೂನಿನಲ್ಲೇ ಮಿತಿ ಹಾಕಿತು.

ತನ್ನ ಅಧಿಕಾರದ ಎಲ್ಲೆ ತಿಳಿದಿರುವುದೂ ಕಸುಬಿನ ಭಾಗವೇ. 2017ರಲ್ಲಿ ಜಪಾನಿನ ಮೂರು ಕಂಪನಿಗಳು, ಎನ್‌ವೈಕೆ, ಎಂಒಎಲ್ ಮತ್ತು ಕೆ-ಲೈನ್, ತಮ್ಮ ಕಂಟೇನರ್ ವ್ಯವಹಾರವನ್ನು ಒಂದೇ ಕಂಪನಿಯಾಗಿ ವಿಲೀನ ಮಾಡುವ ಹಾದಿಯಲ್ಲಿದ್ದವು. ವಿಲೀನ ಮುಗಿಯುವ ಮುಂಚೆಯೇ ಜೊತೆಯಾಗಿ ಕೆಲಸ ಮಾಡಲು ಅವಕಾಶ ಕೇಳುವ ಒಪ್ಪಂದವನ್ನು ಆಯೋಗಕ್ಕೆ ಸಲ್ಲಿಸಿದವು. ಇದು ಮೈತ್ರಿಯಲ್ಲ, ವಿಲೀನದ ಮೊದಲ ಹೆಜ್ಜೆ. ವಿಲೀನ ನಮ್ಮ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಆಯೋಗ ಅದನ್ನು ತಿರಸ್ಕರಿಸಿತು. ತನ್ನ ಮೇಜಿಗೆ ತಾನಾಗಿ ಬಂದ ಅಧಿಕಾರವನ್ನು ಬೇಡವೆನ್ನುವ ಕಚೇರಿಗಳು ಕಡಿಮೆ.

ವಕೀಲರ ಪಕ್ಕದಲ್ಲಿ ಅರ್ಥಶಾಸ್ತ್ರಜ್ಞರು ಕೂರುತ್ತಾರೆ. ಅವರ ಹಳೆಯ ಅಳತೆಗೋಲೊಂದಿದೆ: ಮಾರುಕಟ್ಟೆಯಲ್ಲಿ ಪ್ರತಿ ಕಂಪನಿಯ ಶೇಕಡಾ ಪಾಲನ್ನು ವರ್ಗ ಮಾಡಿ ಕೂಡುವುದು. ತಲಾ ಶೇ 10ರಂತೆ ಹತ್ತು ಕಂಪನಿಗಳಿದ್ದರೆ ಮೊತ್ತ 1000. ತಲಾ ಶೇ 25ರಂತೆ ನಾಲ್ಕಿದ್ದರೆ 2500. ಮೊತ್ತ ಹೆಚ್ಚಿದಷ್ಟೂ ಮಾರುಕಟ್ಟೆ ಕೆಲವರ ಕೈಯಲ್ಲಿದೆ ಎಂದರ್ಥ. ಆದರೆ ಮೈತ್ರಿಯ ವಿಷಯದಲ್ಲಿ ಒಂದು ಕಗ್ಗಂಟಿದೆ. ಮೂರು ಕಂಪನಿಗಳು ಕೂಡಿದ ಕೂಟವನ್ನು ಮೂರೆಂದು ಎಣಿಸಬೇಕೋ ಒಂದೆಂದೋ? ಹಡಗಿನ ಸಂಖ್ಯೆ ನಿರ್ಧರಿಸುವಾಗ ಅವು ಒಂದು. ದರ ಹೇಳುವಾಗ ಮೂರು.

2013ರಲ್ಲಿ ಈ ಕಗ್ಗಂಟು ಇಡೀ ಜಗತ್ತಿನೆದುರು ಬಂತು. ಜಗತ್ತಿನ ಮೊದಲ ಮೂರು ಕಂಪನಿಗಳಾದ ಮೆರ್ಸ್ಕ್, ಎಂಎಸ್‌ಸಿ ಮತ್ತು ಸಿಎಂಎ ಸಿಜಿಎಂ ‘ಪಿ3’ ಎಂಬ ಜಾಲವನ್ನು ಘೋಷಿಸಿದವು. ಹಡಗುಗಳನ್ನು ನಡೆಸಲು ಪ್ರತ್ಯೇಕ ಕೇಂದ್ರವೊಂದನ್ನು ಸ್ಥಾಪಿಸುವ ಯೋಜನೆ ಅದರಲ್ಲಿತ್ತು. ಆ ಡಿಸೆಂಬರಿನಲ್ಲಿ ಅಮೆರಿಕ, ಯುರೋಪ್ ಮತ್ತು ಚೀನಾದ ಅಧಿಕಾರಿಗಳು ವಾಷಿಂಗ್ಟನ್‌ನಲ್ಲಿ ಒಟ್ಟಿಗೆ ಕೂತು ಮಾತಾಡಿದರು. ಆಮೇಲೆ ಮೂವರೂ ತಮ್ಮ ತಮ್ಮ ಉತ್ತರ ಬರೆದರು. ಅಮೆರಿಕದ ಆಯೋಗ ಹಲವು ಸುತ್ತಿನ ಪ್ರಶ್ನೆಗಳ ನಂತರ, ತಡೆಯಲು ಸದ್ಯಕ್ಕೆ ಆಧಾರವಿಲ್ಲವೆಂದು 2014ರ ಮಾರ್ಚಿನಲ್ಲಿ ದಾರಿ ಬಿಟ್ಟಿತು. ಎಲ್ಲ ಆಯುಕ್ತರೂ ಅದಕ್ಕೆ ಒಪ್ಪಿರಲಿಲ್ಲ. ಯುರೋಪ್ ಜೂನ್ ಆರಂಭದಲ್ಲಿ ತಾನು ತನಿಖೆ ಆರಂಭಿಸುವುದಿಲ್ಲ ಎಂದಿತು. ಜೂನ್ 17ರಂದು ಚೀನಾದ ವಾಣಿಜ್ಯ ಸಚಿವಾಲಯ ಬೇಡ ಎಂದಿತು. ಪಿ3 ಅಂದೇ ಮುಗಿಯಿತು.

ಚೀನಾದ ವಾದ ಓದಿದಾಗ ಅದರ ಹಿಂದಿನ ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ. ಏಷ್ಯಾ-ಯುರೋಪ್ ಮಾರ್ಗದ ಸಾಮರ್ಥ್ಯದಲ್ಲಿ ಈ ಮೂವರ ಪಾಲು ಶೇ 20.6, 15.2 ಮತ್ತು 10.9, ಕೂಡಿದರೆ 46.7. ಮೂರನ್ನೂ ಬೇರೆ ಬೇರೆ ವರ್ಗ ಮಾಡಿ ಕೂಡಿದರೆ 774 ಬರುತ್ತದೆ. ಒಂದೇ ಎಂದು ಎಣಿಸಿ 46.7ರ ವರ್ಗ ತೆಗೆದರೆ 2181. ಹಡಗುಗಳು ಅವೇ, ಪೆಟ್ಟಿಗೆಗಳೂ ಅವೇ. ಎಣಿಸುವ ರೀತಿ ಬದಲಾದರೆ ಅಂಕಿ ಸುಮಾರು ಮೂರು ಪಟ್ಟು. ಪ್ರತ್ಯೇಕ ಕೇಂದ್ರ, ಒಗ್ಗೂಡಿದ ಕಾರ್ಯಾಚರಣೆ ಇದ್ದುದರಿಂದ ಇದು ಸಾಮಾನ್ಯ ಮೈತ್ರಿಯಲ್ಲ, ವಿಲೀನಕ್ಕೆ ಸಮ ಎಂದು ಚೀನಾ ತೀರ್ಮಾನಿಸಿತು. ಅಮೆರಿಕದ ಆಯೋಗ ಅದನ್ನು ಒಪ್ಪಂದವೆಂದೇ ಓದಿತು. ಕಾಯುತ್ತಾ ನೋಡೋಣ ಎಂದಿತು. ನನ್ನ ಮಟ್ಟಿಗೆ ಇಬ್ಬರೂ ತಪ್ಪು ಮಾಡಲಿಲ್ಲ. ಚೀನಾ ಜಾರಿಗೆ ಮೊದಲೇ ಉತ್ತರ ಹೇಳಬೇಕಿತ್ತು. ಅಮೆರಿಕದ ಆಯೋಗದ ಕೈಯಲ್ಲಿ ವರ್ಷಗಟ್ಟಲೆ ಕಾಯುವ ಅಧಿಕಾರವಿತ್ತು. ಕಂಪನಿಗಳೂ ಪಾಠ ಕಲಿತವು: ಮೆರ್ಸ್ಕ್ ಮತ್ತು ಎಂಎಸ್‌ಸಿ ಇಬ್ಬರೇ ಸೇರಿ, ಸಡಿಲವಾದ ‘2ಎಂ’ ಕಟ್ಟಿ 2015ರ ಜನವರಿಯಲ್ಲಿ ಹಡಗು ಬಿಟ್ಟವು. ಹತ್ತು ವರ್ಷ ಅದು ನಡೆಯಿತು.

ಒಪ್ಪಂದ ಜಾರಿಯಾದ ಮೇಲೆಯೇ ನಿಜವಾದ ಕೆಲಸ ಶುರು. ಮೈತ್ರಿಕೂಟಗಳು ತಮ್ಮ ಸಭೆಗಳ ನಡಾವಳಿಯನ್ನು ಆಯೋಗಕ್ಕೆ ಕಳಿಸಬೇಕು. ಹಡಗುಗಳ ಸಾಮರ್ಥ್ಯ ಎಷ್ಟು, ಎಷ್ಟು ತುಂಬಿತು, ಸೇವೆಯಲ್ಲಿ ಏನು ಬದಲಾಯಿತು ಎಂಬ ವರದಿ ಕಳಿಸಬೇಕು. ವಿಶ್ಲೇಷಕರ ಕಣ್ಣು ನೆಟ್ಟಿರುವುದು ಬ್ಲ್ಯಾಂಕ್ ಸೇಲಿಂಗ್ ಮೇಲೆ, ಅಂದರೆ ವೇಳಾಪಟ್ಟಿಯಲ್ಲಿದ್ದೂ ರದ್ದಾದ ಯಾನದ ಮೇಲೆ. ಚೀನಾದ ಹೊಸ ವರ್ಷಕ್ಕೆ ಕಾರ್ಖಾನೆಗಳು ಮುಚ್ಚಿದಾಗ ಒಂದೆರಡು ಯಾನ ರದ್ದಾಗುವುದು ಸಹಜ. ಬೇಡಿಕೆ ಇದ್ದೂ ರದ್ದಾದರೆ? ತುಂಬುವಿಕೆ ಮತ್ತು ದರ ಒಟ್ಟಿಗೆ ಏರುತ್ತಿರುವಾಗ ಜಾಗ ಇಳಿದರೆ? ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಮೂರನ್ನೂ ಅಕ್ಕಪಕ್ಕ ಇಟ್ಟು ತಿಂಗಳುಗಳ ಕಾಲ ನೋಡಿದವರಿಗಷ್ಟೇ ಸಹಜ ಯಾವುದು, ಬೇಕಂತಲೇ ಮಾಡಿದ್ದು ಯಾವುದು ಎಂಬುದು ಗೊತ್ತಾಗುತ್ತದೆ.

ಕೋವಿಡ್ ಬಂದಾಗ ಈ ಕಣ್ಣಿಗೆ ದೊಡ್ಡ ಪರೀಕ್ಷೆ. 2020ರ ವಸಂತದಲ್ಲಿ ಬೇಡಿಕೆ ಕುಸಿಯಿತೆಂದು ಕಂಪನಿಗಳು ಯಾನಗಳನ್ನು ಸಾಲುಸಾಲಾಗಿ ರದ್ದು ಮಾಡಿದವು. ಬೇಸಿಗೆ ಮುಗಿಯುವಷ್ಟರಲ್ಲಿ ಅಮೆರಿಕದವರು ಮನೆಯಲ್ಲಿ ಕೂತು ಸಾಮಾನು ತರಿಸತೊಡಗಿ ಬೇಡಿಕೆ ಉಕ್ಕಿತು. ಚೀನಾದಿಂದ ಅಮೆರಿಕದ ಪಶ್ಚಿಮ ತೀರಕ್ಕೆ ನಲವತ್ತಡಿ ಪೆಟ್ಟಿಗೆಯೊಂದರ ದರ 2021ರಲ್ಲಿ ಹತ್ತು ಸಾವಿರ ಡಾಲರ್ ದಾಟಿತು. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಹೊರಗೆ ನೂರಕ್ಕೂ ಹೆಚ್ಚು ಹಡಗುಗಳು ಸರದಿಗಾಗಿ ಕಾದವು. 2ಎಂ, ಓಷನ್ ಅಲಯನ್ಸ್, ದಿ ಅಲಯನ್ಸ್ ಎಂಬ ಮೂರು ಮೈತ್ರಿಕೂಟಗಳೇ ಇದಕ್ಕೆ ಕಾರಣ ಎಂಬ ಕೂಗು ಶ್ವೇತಭವನದವರೆಗೂ ಮುಟ್ಟಿತು. ಆಯೋಗ ಮೈತ್ರಿಕೂಟಗಳಿಂದ ಹೆಚ್ಚಿನ ಮಾಹಿತಿಯನ್ನು ಹೆಚ್ಚು ಸಲ ತರಿಸಿಕೊಳ್ಳತೊಡಗಿತು. ಆಯುಕ್ತೆ ರೆಬೆಕಾ ಡೈ ಎರಡು ವರ್ಷಕ್ಕೂ ಮೀರಿ ವಿಚಾರಣೆ ನಡೆಸಿದರು. 2022ರ ಮೇ ತಿಂಗಳ ಅವರ ಅಂತಿಮ ವರದಿ, ದರ ಏರಿಕೆಗೆ ಮುಖ್ಯ ಕಾರಣ ಬೇಡಿಕೆಯ ಅನಿರೀಕ್ಷಿತ ಉಬ್ಬರ ಮತ್ತು ಬಂದರುಗಳ ದಟ್ಟಣೆ ಎಂದಿತು. ಊರೆಲ್ಲ ಒಬ್ಬ ಅಪರಾಧಿಯನ್ನು ತೋರಿಸುತ್ತಿರುವಾಗ, ಕೈಯಲ್ಲಿರುವ ಅಂಕಿ ಹಾಗೆ ಹೇಳುತ್ತಿಲ್ಲ ಎಂದು ಬರೆಯಲು ಎದೆ ಬೇಕು. ಅದೇ ವರ್ಷದ ಜೂನಿನಲ್ಲಿ ಬಂದ ಹೊಸ ಕಾಯ್ದೆ ಗಿರಾಕಿಗಳ ಬೇರೆ ದೂರುಗಳಿಗೆ, ಮುಖ್ಯವಾಗಿ ಬಂದರಿನಲ್ಲಿ ಪೆಟ್ಟಿಗೆ ನಿಂತದ್ದಕ್ಕೆ ಹಾಕುವ ಬಾಡಿಗೆ ಬಿಲ್ಲುಗಳಿಗೆ, ಬಲವಾದ ನಿಯಮ ತಂದಿತು.

ಕೂಟ ಬಲವಾದಾಗಲಷ್ಟೇ ಅಲ್ಲ, ಅದರೊಳಗಿನವನು ಬಿದ್ದಾಗಲೂ ಅಪಾಯವಿದೆ. 2016ರ ಆಗಸ್ಟ್ ಕೊನೆಯಲ್ಲಿ ಕೊರಿಯಾದ ಹಡಗು ಕಂಪನಿ ಹಾಂಜಿನ್ ದಿವಾಳಿಯೆದ್ದು ನ್ಯಾಯಾಲಯದ ರಕ್ಷಣೆ ಕೋರಿತು. ಹಣ ಸಿಗುವುದಿಲ್ಲವೆಂದು ಹಲವು ಬಂದರುಗಳು ಅದರ ಹಡಗುಗಳನ್ನು ಒಳಗೆ ಬಿಡಲಿಲ್ಲ. ಹಾಂಜಿನ್ ಹಡಗಿನಲ್ಲಿ ಅದರ ಮೈತ್ರಿಕೂಟದ ಬೇರೆ ಕಂಪನಿಗಳ ಪೆಟ್ಟಿಗೆಗಳೂ ಇದ್ದವು. ಹಾಂಜಿನ್‌ಗೆ ಒಂದು ರೂಪಾಯಿಯನ್ನೂ ಕೊಡದ ವರ್ತಕನ ಸರಕೂ ನಡುನೀರಿನಲ್ಲಿ ಸಿಕ್ಕಿಬಿತ್ತು. ಮುಂದೆ ದಿ ಅಲಯನ್ಸ್ ತನ್ನ ಸದಸ್ಯನೊಬ್ಬ ದಿವಾಳಿಯಾದರೆ ಸರಕನ್ನು ದಡ ಸೇರಿಸಲೆಂದು ನಿಧಿಯೊಂದನ್ನು ಒಪ್ಪಂದದಲ್ಲೇ ಸೇರಿಸಿತು.

ಯುರೋಪಿನ ಒಂದು ಪ್ರಕರಣವೂ ನನಗೆ ಬಹಳ ಹಿಡಿಸಿದ್ದು. ಹಡಗು ಕಂಪನಿಗಳು ‘ಮುಂದಿನ ತಿಂಗಳು ದರ ಇಷ್ಟು ಏರಿಸುತ್ತೇವೆ’ ಎಂದು ಬಹಿರಂಗವಾಗಿ ಪ್ರಕಟಿಸುವ ರೂಢಿಯಿತ್ತು. ಗಿರಾಕಿಗೆ ಮುನ್ಸೂಚನೆ ಎನ್ನೋಣ. ಆದರೆ ಏರಿಕೆಯ ಮೊತ್ತ ಮಾತ್ರ ಇರುತ್ತಿತ್ತು, ಪೂರ್ತಿ ದರ ಇರುತ್ತಿರಲಿಲ್ಲ. ಪ್ರಕಟಿಸಿದವರು ಅದಕ್ಕೆ ಬದ್ಧರೂ ಅಲ್ಲ. ಹಾಗಾದರೆ ಅದು ಯಾರಿಗಾಗಿ ಹೇಳಿದ್ದು? ಎದುರಾಳಿಗಳ ಕಿವಿಗೆ ಎಂಬ ಅನುಮಾನ ಯುರೋಪಿಯನ್ ಕಮಿಷನ್‌ಗೆ ಬಂತು. 2016ರ ಜುಲೈನಲ್ಲಿ ಹದಿನಾಲ್ಕು ಕಂಪನಿಗಳು, ಇನ್ನು ಮುಂದೆ ಪೂರ್ತಿ ದರ ಹೇಳುತ್ತೇವೆ, ಹೇಳಿದ ಮೇಲೆ ಅದಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂದು ಮಾತು ಕೊಟ್ಟವು. ಹಡಗು ಹಂಚಿಕೊಳ್ಳುವ ಕೂಟಗಳಿಗೆ ಯುರೋಪ್ ಕೊಟ್ಟಿದ್ದ ಸಾಮೂಹಿಕ ವಿನಾಯಿತಿ, ಪಾಲು ಶೇ 30 ಮೀರದವರಿಗೆ ಅನ್ವಯಿಸುತ್ತಿದ್ದದ್ದು, 2024ರ ಏಪ್ರಿಲ್ 25ಕ್ಕೆ ಮುಗಿಯಿತು. ಈಗ ಅಲ್ಲಿ ಕೂಟ ಮಾಡುವವರು ಸಾಮಾನ್ಯ ಸ್ಪರ್ಧಾ ಕಾನೂನಿಗೆ ತಾವು ಸರಿಹೊಂದುತ್ತೇವೆಯೇ ಎಂದು ತಾವೇ ತೂಗಿ ನೋಡಬೇಕು.

ಭಾರತವೂ ಇದರ ಹೊರಗಿಲ್ಲ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್‌ನಿಂದ ಹಡಗು ಹಂಚಿಕೆ ಒಪ್ಪಂದಗಳಿಗೆ ಕೇಂದ್ರ ಸರ್ಕಾರ 2013ರ ಡಿಸೆಂಬರಿನಲ್ಲಿ ವಿನಾಯಿತಿ ಕೊಟ್ಟಿತು. ಅನಂತರ ಕಂತುಕಂತಾಗಿ ಮುಂದುವರಿಸಿ, 2018ರ ಜುಲೈನಲ್ಲಿ ಮತ್ತೆ ಮೂರು ವರ್ಷಕ್ಕೆ ಕೊಟ್ಟಿತು. ಷರತ್ತು ಕಲ್ಕತ್ತ ಕಾನ್ಫರೆನ್ಸಿನ ನೆನಪಿಟ್ಟುಕೊಂಡು ಬರೆದಂತಿತ್ತು: ದರ ನಿಗದಿ ಕೂಡದು, ಸಾಮರ್ಥ್ಯ ಕಟ್ಟಿಹಾಕುವುದು ಕೂಡದು, ಗಿರಾಕಿಗಳನ್ನು ಹಂಚಿಕೊಳ್ಳುವುದು ಕೂಡದು; ಒಪ್ಪಂದದ ಪ್ರತಿ ನೌಕಾಯಾನ ಮಹಾನಿರ್ದೇಶಕರಿಗೆ ಸಲ್ಲಬೇಕು.

ಕರ್ನಾಟಕದ ವರ್ತಕನಿಗೆ ಇದೇಕೆ ಮುಖ್ಯ? ಚಿಕ್ಕಮಗಳೂರು, ಕೊಡಗಿನ ಕಾಫಿ ನವಮಂಗಳೂರು ಬಂದರಿನಿಂದ ಹೊರಡುವಾಗ ಅದನ್ನು ಮೊದಲು ಹೊರುವುದು ಸಣ್ಣ ಫೀಡರ್ ಹಡಗು. ದೈತ್ಯ ಹಡಗು ಸಿಗುವುದು ಕೊಲಂಬೊದಂಥ ದೊಡ್ಡ ಬಂದರಿನಲ್ಲಿ. ಬೆಂಗಳೂರಿನ ಗಾರ್ಮೆಂಟ್ಸ್ ಪೆಟ್ಟಿಗೆ ವೈಟ್‌ಫೀಲ್ಡ್‌ನ ಒಣ ಬಂದರಿನಿಂದ ರೈಲು ಹತ್ತಿ ಚೆನ್ನೈ ಸೇರಿದ ಮೇಲೂ ಕಾಯುವುದು ಇನ್ಯಾರೋ ಬರೆದ ವೇಳಾಪಟ್ಟಿಗೆ. ಮೈತ್ರಿಕೂಟವೊಂದು ಒಂದು ಯಾನ ರದ್ದು ಮಾಡಿದರೆ ಇಟಲಿಯ ಕಾಫಿ ಹುರಿಯುವವನಿಗೆ ಕೊಟ್ಟ ಮಾತು ಒಂದು ವಾರ ತಪ್ಪುತ್ತದೆ. ಆ ರದ್ದತಿಗೆ ಸರಿಯಾದ ಕಾರಣವಿತ್ತೇ ಎಂದು ಕೇಳುವ ಶಕ್ತಿ ಆ ರಫ್ತುದಾರನಿಗಿಲ್ಲ. ಅವನ ಪರವಾಗಿ ಯಾರೋ ಕೇಳಬೇಕು.

ಜೆಮಿನಿಯ ಒಪ್ಪಂದ ವಾಷಿಂಗ್ಟನ್‌ಗೆ ಬಂದದ್ದು 2024ರ ಮೇ ಕೊನೆಗೆ. ಜುಲೈನಲ್ಲಿ ಆಯೋಗ ಹೆಚ್ಚಿನ ಮಾಹಿತಿ ಕೇಳಿ ಗಡಿಯಾರ ನಿಲ್ಲಿಸಿತು. ಸೆಪ್ಟೆಂಬರಿನಲ್ಲಿ, ನಿಗಾ ಇಡುವುದಾಗಿ ಹೇಳಿ ಬಿಟ್ಟಿತು. ಕಡಿಮೆ ಬಂದರುಗಳಲ್ಲಿ ನಿಂತು, ಶೇ 90ರಷ್ಟು ಹಡಗುಗಳನ್ನು ಹೇಳಿದ ಹೊತ್ತಿಗೆ ತಲುಪಿಸುತ್ತೇವೆ ಎಂಬುದು ಜೆಮಿನಿ ಹಾಕಿಕೊಂಡ ಗುರಿ. ಒನ್, ಎಚ್‌ಎಂಎಂ ಮತ್ತು ಯಾಂಗ್ ಮಿಂಗ್ ಕಂಪನಿಗಳು ಕೂಡಿ ಕಟ್ಟಿದ ಪ್ರೀಮಿಯರ್ ಅಲಯನ್ಸ್ ಕೂಡ ಅಂಥದೇ ಪ್ರಶ್ನೆಗಳಿಗೆ ಉತ್ತರ ಕೊಟ್ಟು 2025ರ ಫೆಬ್ರವರಿಯಲ್ಲಿ ಆರಂಭವಾಯಿತು. ಈ ನಡುವೆ 2ಎಂ ಬಿಟ್ಟು ಹೊರಬಂದ ಎಂಎಸ್‌ಸಿ ಜಗತ್ತಿನ ಕಂಟೇನರ್ ಸಾಮರ್ಥ್ಯದ ಸುಮಾರು ಐದನೇ ಒಂದು ಭಾಗವನ್ನು ತಾನೊಂದೇ ಕೈಯಲ್ಲಿಟ್ಟುಕೊಂಡು, ಪ್ರಮುಖ ಮಾರ್ಗಗಳಲ್ಲಿ ಬಹುಪಾಲು ಸ್ವಂತ ಬಲದ ಮೇಲೇ ನಡೆಯುತ್ತಿದೆ. ಒಪ್ಪಂದ ಓದಿ, ನಡಾವಳಿ ತರಿಸಿ, ರದ್ದಾದ ಯಾನಗಳ ಕಾರಣ ಕೇಳುವ ಈ ಕಸುಬೆಲ್ಲ ಇಬ್ಬರು ಕೂಡಿ ಸಹಿ ಹಾಕಿದ ಕಾಗದದಿಂದ ಶುರುವಾಗುವಂಥದ್ದು. ಒಬ್ಬರೇ ಅಷ್ಟು ದೊಡ್ಡವರಾದಾಗ ಸಲ್ಲಿಸಲು ಅಂಥ ಕಾಗದವೇ ಇರುವುದಿಲ್ಲ. ಆಗ ಏನನ್ನು ಓದಬೇಕು ಎಂಬುದು ಈ ಓದುಗರ ಮುಂದಿರುವ ಹೊಸ ಕೆಲಸ.